ಚಿದಾನಂದ ಹತ್ತು ನಿಮಿಷ ಬಾಯಿ ಮುಚ್ಚಿದ್ದು

ನಲವತ್ತೆಂಟನೇ ವಯಸ್ಸಿನಲ್ಲಿ ಪರೀಕ್ಷೆ ಎಂದರೆ ಯಾರಿಗೆ ತಾನೇ ಮೈ ಉರಿಯುವುದಿಲ್ಲ? ಚಿದಾನಂದ ಜಯನಗರದ ಬೇಕರಿಯೊಂದರ ಮೇಲ್ಮಹಡಿಯಲ್ಲಿ ಕೂತು, ಹದಿನಾರು ವರ್ಷದಿಂದ ಮಕ್ಕಳನ್ನು ಓದಲು ವಿದೇಶಕ್ಕೆ ಕಳಿಸುತ್ತಿದ್ದ ಮಹಾನುಭಾವ. (ತಾನು ಮಾತ್ರ ತಿರುಪತಿಯಿಂದಾಚೆ ಹೋದವನಲ್ಲ.) ಹುಡುಗ ಕುರ್ಚಿಯಲ್ಲಿ ಕೂರುವ ಮೊದಲೇ ದೇಶ ತೀರ್ಮಾನವಾಗಿರುತ್ತಿತ್ತು. ಎಂಬತ್ತು ಪರ್ಸೆಂಟಿನ ಮೇಲಿದ್ದರೆ ಅಮೆರಿಕ, ಅರವತ್ತಿದ್ದರೆ ಐರ್ಲೆಂಡ್, ಅದಕ್ಕೂ ಕಡಿಮೆಯಾದರೆ ದೇವರಿಟ್ಟ ದೇಶ. ಹುಡುಗ ಬಾಯಿ ತೆರೆಯುವ ಪ್ರಮೇಯವೇ ಬರುತ್ತಿರಲಿಲ್ಲ.

ಈಗ ಹೆಡ್ಡಾಫೀಸಿನವರಿಗೆ ಇದ್ದಕ್ಕಿದ್ದಂತೆ ಜ್ಞಾನೋದಯವಾಗಿತ್ತು. ಇದು ಬ್ರೋಷರ್ ಹಂಚುವ ಕೆಲಸವಲ್ಲವಂತೆ, ವೃತ್ತಿಯಂತೆ. ವೃತ್ತಿಗೆ ಸರ್ಟಿಫಿಕೇಟ್ ಬೇಕಂತೆ. ಇಲ್ಲದವರಿಗೆ ಮುಂದಿನ ತಿಂಗಳಿಂದ ಕೆಲಸವೂ ಇಲ್ಲವಂತೆ. ಬರೆಯುವ ಪರೀಕ್ಷೆ ಹೇಗೋ ಪಾಸಾಯಿತು. ಉಳಿದದ್ದು ಪ್ರಾಕ್ಟಿಕಲ್. ವಿದ್ಯಾರ್ಥಿಯ ಮಾತನ್ನು ಹತ್ತು ನಿಮಿಷ ನಡುವೆ ಬಾಯಿ ಹಾಕದೆ ಕೇಳಿ, ಅವರಿಗೊಂದು ಯೋಜನೆ ಬರೆದುಕೊಟ್ಟು, ಅಷ್ಟನ್ನೂ ವಿಡಿಯೋ ಮಾಡಿ ಕಳಿಸಬೇಕು. ಇಬ್ಬರು ಹುಡುಗರನ್ನು ಕೂರಿಸಿಕೊಂಡು ನೋಡಿದ. ಇಬ್ಬರಿಗೂ ಅರ್ಧ ನಿಮಿಷದಲ್ಲಿ ಐರ್ಲೆಂಡ್ ಹೇಳಿಬಿಟ್ಟ.

ಕೊನೆಯ ದಿನ ಬನಶಂಕರಿಯ ಮನೆಯಲ್ಲಿ ಹೆಂಡತಿ ಶಾಂತಲಾಳ ಮುಂದೆ ಕೈ ಮುಗಿದ.

"ನೀನೇ ಸ್ಟೂಡೆಂಟ್ ಆಗೇ. ಏನಾದ್ರೂ ಮಾತಾಡು, ನಾನು ಕೇಳ್ತೀನಿ."

"ಯಾರು, ನೀವಾ? ಹತ್ತು ನಿಮಿಷ ಪೂರ್ತಿ?"

"ಪೂರ್ತಿ. ಬಾಯಿ ಬಿಟ್ರೆ ಫೇಲ್ ಕಣೇ."

ಶಾಂತಲಾ ಆ ಕ್ಷಣವೇ ಸ್ಟವ್ ಆರಿಸಿದಳು. ಅವಳ ಮುಖದಲ್ಲಿ ಮದುವೆಯ ದಿನವೂ ಕಾಣದ ಕಳೆ ಬಂತು.

"ನಮಸ್ಕಾರ ಸಾರ್," ಎಂದು ಶುರುಮಾಡಿದಳು. (ಸಾರ್! ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ.) "ನಾನು ಫಾರಿನ್‌ಗೆ ಹೋಗ್ಬೇಕು ಸಾರ್. ಯಾವ ದೇಶ ಆದ್ರೂ ಸರಿ, ಹಾಸ್ಟೆಲಲ್ಲಿ ಅಡುಗೆ ಮಾತ್ರ ಬೇರೆಯವ್ರು ಮಾಡ್ಬೇಕು. ಮನೇಲಿ ಒಬ್ರಿದ್ದಾರೆ. ಒದ್ದೆ ಟವಲ್ ಹಾಸಿಗೆ ಮೇಲೆ ಎಸೀತಾರೆ. ಅರ್ಧಕ್ಕೆ ನಿಂತ ಎಮ್ಮೇ ಓದು ಮುಗಿಸ್ತೀನಿ ಅಂತ ಹೇಳೋಕೆ ಹೋದ್ರೆ ಟಿವಿ ಸೌಂಡ್ ಜಾಸ್ತಿ ಮಾಡ್ತಾರೆ..."

ಟವಲಿನ ವಿಷಯದಲ್ಲಿ ಚಿದಾನಂದನ ಬಳಿ ಪ್ರಚಂಡ ವಾದವಿತ್ತು. ನುಂಗಿಕೊಂಡ. ಅವನ ಅಕ್ಕನ ಪ್ರಸ್ತಾಪ ಬಂದಾಗ ಹಲ್ಲು ಕಚ್ಚಿ ಕೂತ. ಎಂಟನೇ ನಿಮಿಷಕ್ಕೆ ಶಾಂತಲಾಳ ದನಿ ಇಳಿಯಿತು.

"ದೇಶ ಗೀಶ ಏನೂ ಬೇಡ ಸಾರ್. ಯಾರಾದ್ರೂ ಕೂತು ಕೇಳಿದ್ರೆ ಸಾಕಾಗಿತ್ತು."

ಚಿದಾನಂದನಿಗೆ ನಿಜಕ್ಕೂ ನಾಚಿಕೆಯಾಯಿತು. ಆ ನಾಚಿಕೆಯಲ್ಲೇ ಯೋಜನೆ ಬರೆದ: ಭಾನುವಾರಗಳಂದು ವಿದ್ಯಾರ್ಥಿನಿ ಅಡುಗೆಮನೆ ಹೊಗತಕ್ಕದ್ದಲ್ಲ, ಜುಲೈ ಒಳಗೆ ಎಮ್ಮೇಗೆ ಅರ್ಜಿ ಹಾಕತಕ್ಕದ್ದು. ಕೆಳಗೆ ಸಹಿ ಬೇರೆ ಹಾಕಿದ, ಕ್ಯಾಮೆರಾದ ಮುಂದೆಯೇ.

ಹೆಡ್ಡಾಫೀಸು ಬೆರಗಾಯಿತು. 'ಅಪೂರ್ವ ಸಂಯಮ' ಎಂದು ಬರೆದು ಪಾಸು ಮಾಡಿತು. ಕೊನೆಯಲ್ಲಿ ಇನ್ನೊಂದು ಸಾಲಿತ್ತು: ಸರ್ಟಿಫಿಕೇಟ್ ಸದ್ಯಕ್ಕೆ ತಾತ್ಕಾಲಿಕ, ತಿಂಗಳ ನಂತರ ವಿದ್ಯಾರ್ಥಿ ಅಭಿಪ್ರಾಯ ಕಳಿಸಿದ ಮೇಲೆ ಖಾಯಂ. ಅದರ ಫಾರಂ ನೇರವಾಗಿ ಶಾಂತಲಾಳ ಮೊಬೈಲಿಗೆ ಬಂತು.

ಆ ತಿಂಗಳು ಚಿದಾನಂದ ಅನ್ನ ಮಾಡಿದ, ಸಾರು ಮಾಡಿದ, ಎಮ್ಮೇ ಅರ್ಜಿಗೆ ಫೋಟೋ ಅಂಟಿಸಿದ. ಐದನೇ ಭಾನುವಾರ ಈರುಳ್ಳಿ ಹೆಚ್ಚುತ್ತಾ, ಕಣ್ಣೀರು ಸುರಿಸುತ್ತಾ ಕೇಳಿದ.

"ಇವತ್ತೇ ಲಾಸ್ಟ್ ಡೇಟು. ಕಳಿಸ್ಬಿಡೇ ಮಾರಾಯ್ತಿ."

"ಎಲ್ಲಾ ತುಂಬಿದೀನಿ ಕಣ್ರೀ. ಒಂದೇ ಬಾಕಿ. 'ಈ ಕೌನ್ಸೆಲರನ್ನು ಬೇರೆಯವರಿಗೆ ಶಿಫಾರಸು ಮಾಡುವಿರಾ?' ಅಂತ ಕೇಳಿದಾರೆ. ಸುಳ್ಳು ಹಾಕೋಕಾಗುತ್ತಾ? ಮೊದಲು ಶಿಫಾರಸು ಮಾಡ್ಬಿಟ್ಟು, ಆಮೇಲೆ ಹೌದು ಅಂತ ಒತ್ತೋಣ ಅಂತಿದ್ದೆ."

ಕಾಲಿಂಗ್ ಬೆಲ್ ಸದ್ದಾಯಿತು. ಬಾಗಿಲಲ್ಲಿ ಎದುರುಮನೆ ಕೆಂಪಕ್ಕ. ಅವಳ ಹಿಂದೆ ಮುನಿಯಕ್ಕ. ಮುನಿಯಕ್ಕನ ಹಿಂದೆ, ಮೆಟ್ಟಿಲಿನ ಉದ್ದಕ್ಕೂ, ಮಹಿಳಾ ಮಂಡಳಿ.

"ಚಿದಾನಂದಣ್ಣ, ಹೆಂಗಸರು ಏನು ಹೇಳಿದ್ರೂ ಎದುರಾಡದೆ ಕೇಳ್ತೀರಂತೆ," ಎಂದಳು ಕೆಂಪಕ್ಕ. "ನಮ್ಮ ಯಜಮಾನ್ರ ವಿಷಯ ಹತ್ತು ನಿಮಿಷಕ್ಕೆಲ್ಲ ಮುಗಿಯಲ್ಲ. ನಂಗೆ ಅರ್ಧ ಗಂಟೆ ಕೊಡಿ."

ಚಿದಾನಂದ ಬಾಯಿ ತೆರೆದ. ಶಾಂತಲಾಳ ಬೆರಳು ಮೊಬೈಲಿನ 'ಹೌದು' ಗುಂಡಿಯ ಮೇಲೆ, ಇನ್ನೂ ಒತ್ತದೆ, ಗಾಳಿಯಲ್ಲೇ ನಿಂತಿತ್ತು. ತೆಪ್ಪಗೆ ಒಳಗೆ ಹೋಗಿ ಜಮಖಾನ ತಂದು ಹಾಸಿದ.