ಹಳೇ ಸ್ಕ್ಯಾನರ್ ಮತ್ತು ಮಗುವಿನ ದೀಪ

ವಸ್ತುವನ್ನು ಮೊದಲು ಕೊಂಡು, ಅದರ ಉಪಯೋಗವನ್ನು ಆಮೇಲೆ ಹುಡುಕುವ ಜನರಲ್ಲಿ ನಾನೂ ಒಬ್ಬ. ಜರ್ಮನಿಯವರು ಆಗ ಐಟಿಯವರಿಗೆ ಕೊಡುತ್ತಿದ್ದ ಗ್ರೀನ್ ಕಾರ್ಡ್ ಹಿಡಿದು ಅಲ್ಲಿಗೆ ಬಂದು ಅಬ್‌ಸ್ಟಾಟ್ ಎಂಬ ಹಳ್ಳಿಯಲ್ಲಿ ಎಂಜಿನಿಯರನಾಗಿದ್ದಾಗ, ಫ್ಲೋಮಾರ್ಕ್ಟ್ ಎಂಬ ಹಳೇ ಸಾಮಾನಿನ ಸಂತೆಯಲ್ಲಿ ಗಾಳಿಯಲ್ಲಿ ಹೋಗುವ ವೈರ್‌ಲೆಸ್ ಮಾತುಗಳನ್ನು ಹಿಡಿಯುವ ಒಂದು ರೇಡಿಯೋ ಸ್ಕ್ಯಾನರ್ ಕೊಂಡೆ. ಇಟ್ಟಿಗೆಯಷ್ಟು ತೂಕ. ಆಟೋಬಾನ್ ಹೆದ್ದಾರಿಯ ಟ್ರಾಫಿಕ್ ಜಾಮ್ ಸುದ್ದಿ ಮೊದಲೇ ಸಿಕ್ಕೀತೆಂಬ ಆಸೆ. ಆಫೀಸಿನ ಗೆಳೆಯ, ಧಾರವಾಡದ ವಿನಾಯಕ ಹೆದರಿಸಿದ: “ಮಗಾ, ಪೊಲೀಸರು, ಆಂಬ್ಯುಲೆನ್ಸು, ವಿಮಾನ ಯಾವುದೂ ಇಲ್ಲಿ ಕೇಳೂಹಂಗಿಲ್ಲ. ವೀಸಾ ಹೋಗ್ತದ ನೋಡು.” ಕೇಳಲು ಅಡ್ಡಿಯಿಲ್ಲದೆ ಉಳಿದವರು ಹವ್ಯಾಸಿ ರೇಡಿಯೋದ ಅಜ್ಜಂದಿರು. ಅವರು ಒಬ್ಬರಿಗೊಬ್ಬರು ಆಂಟೆನಾದ ಎತ್ತರವನ್ನೂ ಮಂಡಿನೋವನ್ನೂ ಹೇಳಿಕೊಳ್ಳುತ್ತಿದ್ದರು. ಆದರೂ ಛಲ ಬಿಡದೆ, ದಿನಾ ಸಂಜೆ ಅಡುಗೆಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಉಪಯೋಗದ ಫ್ರೀಕ್ವೆನ್ಸಿ ಹುಡುಕುತ್ತಿದ್ದೆ.

ನಮ್ಮ ಮಗಳು ಹುಟ್ಟಿದಾಗ ಆಫೀಸಿನ ಜರ್ಮನ್ನರು ಬೇಬಿಫೋನ್ ಉಡುಗೊರೆ ಕೊಟ್ಟಿದ್ದರು. ಅವರಲ್ಲಿ ಕೂಸು ಬೇರೆ ಕೋಣೆಯಲ್ಲಿ ಮಲಗುತ್ತದೆ. ಅದು ಅತ್ತ ಸದ್ದನ್ನು ಈ ಯಂತ್ರ ರೇಡಿಯೋ ಅಲೆಯ ಮೂಲಕ ಅಪ್ಪ ಅಮ್ಮನಿಗೆ ಕೇಳಿಸುತ್ತದೆ. ನಮ್ಮ ಕೂಸು ನಮ್ಮಿಬ್ಬರ ನಡುವೆಯೇ ಮಲಗುತ್ತಿತ್ತು. ಹಾಗಾಗಿ ಕೇಳಿಸಿಕೊಳ್ಳುವ ಭಾಗ ಡಬ್ಬಿಯಲ್ಲೇ ಉಳಿಯಿತು. ಕೂಸಿನ ಪಕ್ಕ ಇಡುವ ಭಾಗದಲ್ಲಿ ಪುಟ್ಟ ದೀಪವಿತ್ತು. ಬೆಳಕು ಚೆನ್ನಾಗಿದೆಯೆಂದು ನನ್ನ ಹೆಂಡತಿ ಸುಮಾ ಅದನ್ನು ಸದಾ ಹಚ್ಚಿಡುತ್ತಿದ್ದಳು.

ಒಂದು ಸಂಜೆ ಸ್ಕ್ಯಾನರಿನಲ್ಲಿ, ಕರಕರ ಸದ್ದಿನ ನಡುವೆ, ಕನ್ನಡ! ನಮ್ಮ ಹಳ್ಳಿಯಲ್ಲಿ ಇನ್ನೊಂದು ಕನ್ನಡದ ಮನೆಯೇ ಎಂದು ಹಿಗ್ಗಿದೆ. ಕರಕರದಲ್ಲಿ ದನಿಯ ಗುರುತು ಸಿಗದ ಹೆಂಗಸೊಬ್ಬಳು ಹೇಳುತ್ತಿದ್ದಳು: “ನಿಮ್ಮಪ್ಪಗ ಊರ ಮಂದಿ ಮಾತೆಲ್ಲಾ ಬೇಕು, ಪುಟ್ಟಿ. ನನ್ನ ಮಾತೊಂದ ಬ್ಯಾಡ. ಬ್ಯಾಸಗೀಗೆ ಅಜ್ಜಿ ಕಡೆ ಹೋಗಿಬಿಡೋಣ. ವಾಪಸ್ ಬರೂದ ಬ್ಯಾಡ.” ಪಾಪ, ಎಂಥ ಗಂಡನೋ ಎಂದು ಮರುಗಿದೆ. ಅಷ್ಟರಲ್ಲಿ ಕೂಸು ಸೀನಿತು. ಆ ಸೀನು ಹೆಡ್‌ಫೋನಿನಲ್ಲೂ ಕೇಳಿತು, ಗೋಡೆಯಾಚೆಯ ನಮ್ಮ ಮಲಗುವ ಕೋಣೆಯಿಂದಲೂ ಕೇಳಿತು.

ಹೆಡ್‌ಫೋನ್ ತೆಗೆದಿಟ್ಟೆ. ಬೇಸಿಗೆಗೆ ಊರಿಗೆ ಹೋಗಲು ಟಿಕೆಟ್ ತೆಗೆಸಿರೆಂದು ಸುಮಾ ಎರಡು ಸಲ ಹೇಳಿದ್ದಳು; ನಾನು ಹ್ಞೂಂ ಎಂದಿದ್ದೆ. ಎದ್ದು ಹೋಗಿ, ಆ ದೀಪ ಹಚ್ಚಿದರೆ ಅದರ ಮೈಕೂ ಚಾಲೂ ಆಗಿ ಕೋಣೆಯ ಮಾತನ್ನೆಲ್ಲ ಹೊರಗೆ ಬಿತ್ತರಿಸುತ್ತದೆಂದು ತಿಳಿಸಿದೆ. ಸುಮಾ ಬಾಯಿಯ ಮೇಲೆ ಕೈಯಿಟ್ಟುಕೊಂಡಳು.

“ಅಯ್ಯ, ಕೆಳಗಿನ ಮನಿ ಜರ್ಮನ್ ಅಜ್ಜಿಗೂ ಕೇಳಿರಬೇಕೇನ್ರಿ?”

“ಕೇಳಿದ್ರೂ ಅವರಿಗೆ ಕನ್ನಡ ಬರೂದಿಲ್ಲ.”

“ನಿಮಗ ಬರ್ತದಲ್ಲ. ತಿಳೀತೇನು?”

ತಿಳಿಯಿತು ಎಂದೆ. ಕೂಸಿನ ಗಾಡಿ ಹೊರಗೆ ತಂದೆ. ಇನ್ನೂ ಬೆಳಕಿತ್ತು. ದ್ರಾಕ್ಷಿತೋಟದ ದಾರಿಯುದ್ದಕ್ಕೂ ಅವಳು ಮಾತಾಡಿದಳು, ನಾನು ಗಾಡಿ ನೂಕಿದೆ. ಮನೆಯ ಹತ್ತಿರ ಬಂದಾಗ ಅಂದಳು: “ಟಿಕೆಟ್ ಹೋಗಿ ಬರೂದಕ್ಕ ತಗೀರಿ. ನೋಡೋಣ.”

ಅವಳು ಬೇಸಿಗೆಗೆ ಹೋದಳು, ಬಂದಳು. ಈಗ ದಿನಾ ಸಂಜೆ ಬರಿಗಿವಿಯಲ್ಲಿ ಅವಳೆದುರು ಕೂರುತ್ತೇನೆ. ನಡುವೆ ನನ್ನ ಕಣ್ಣು ಎಲ್ಲಿಗಾದರೂ ಹೋದರೆ, “ಈಗ ಏನಂದೆ, ಹೇಳ್ರಿ” ಎಂದು ಪರೀಕ್ಷೆ ಮಾಡುತ್ತಾಳೆ. ಇತ್ತೀಚೆಗೆ ಪಾಸಾಗುತ್ತಿದ್ದೇನೆ, ಬಹಳ ಸಲ.