ಕಾಫಿ ಹೂವಿನ ಘಮಕ್ಕೆ ನಾನೇ ವಾರಸುದಾರ

ಕಾಫಿ ಹೂವಿನ ಘಮ ಇನ್ನು ಮುಂದೆ ನನ್ನ ಸ್ವಂತ ಸ್ವತ್ತು ಎಂದು ನಾನು ಘೋಷಿಸಿದಾಗ, ನನ್ನ ಹೆಂಡತಿ ಸುಮಿತ್ರಾ ಅಕ್ಕಿ ರೊಟ್ಟಿ ತಟ್ಟುತ್ತಿದ್ದಳು. ತಿರುಗಿ ಕೂಡ ನೋಡಲಿಲ್ಲ.

ಬಾಳೂರಿನ ಹತ್ತಿರ ನಮ್ಮದೊಂದು ಚಿಕ್ಕ ಕಾಫಿ ತೋಟ. ಬೆಳೆದದ್ದರಲ್ಲಿ ಒಂದಿಷ್ಟನ್ನು ಮನೆಯಲ್ಲೇ ಹುರಿದು ಪುಡಿ ಮಾಡಿ ಮೂಡಿಗೆರೆ ಸಂತೆಯಲ್ಲಿ ಮಾರುತ್ತಿದ್ದೆವು. ನನಗೆ ಕಾನೂನಿನ ಹುಚ್ಚು. ಕಾಲೇಜಿನಲ್ಲಿ ಕಲಿತದ್ದಲ್ಲ, ಮೂಡಿಗೆರೆಯ ಸೈಬರ್ ಕೆಫೆಯಲ್ಲಿ ಕೂತು ಕಲಿತದ್ದು. ಅಲ್ಲೇ ಒಂದು ದಿನ ಓದಿದೆ: ಹೊರದೇಶದ ಯಾವುದೋ ಕಂಪನಿ ತನ್ನ ಟೆನ್ನಿಸ್ ಚೆಂಡಿಗೆ ಹಸಿ ಹುಲ್ಲಿನ ವಾಸನೆ ಕೊಟ್ಟು, ಆ ವಾಸನೆಯನ್ನೇ ಟ್ರೇಡ್‌ಮಾರ್ಕ್ ಮಾಡಿಸಿಕೊಂಡಿದೆಯಂತೆ.

ವಾಪಸ್ ಬರುವಾಗ ಬಸ್ಸಿನ ಕಿಟಕಿಗೆ ತಲೆಯಿಟ್ಟು ಕನಸು ಕಂಡೆ. ಎಲ್ಲೋ ದೂರದ ಊರಲ್ಲಿ ಯಾರೋ ನಮ್ಮ ಪ್ಯಾಕೆಟ್ಟು ಬಿಚ್ಚುತ್ತಾರೆ. ಬೆಳ್ಳಗೆ ಹೂಬಿಟ್ಟ ಗುಡ್ಡವೊಂದು ಮೆಲ್ಲಗೆ ಅವರ ಅಡುಗೆಮನೆಗೆ ಇಳಿದು ಬರುತ್ತದೆ. ಅವರು ಕಣ್ಣು ಮುಚ್ಚಿ ನಿಲ್ಲುತ್ತಾರೆ. ಕಂಡಕ್ಟರ್ ನನ್ನನ್ನು ಎಬ್ಬಿಸಿದಾಗ ಬಾಳೂರು ದಾಟಿ ಕಳಸದ ಹತ್ತಿರ ಬಂದಿದ್ದೆವು.

"ಕಾಫಿಪುಡಿಗೆ ಕಾಫಿ ವಾಸನೆ ಇದ್ರೆ ಸಾಲ್ದಾ?" ಸುಮಿತ್ರಾ ರೊಟ್ಟಿ ಮಗುಚಿದಳು.

"ಅದು ಎಲ್ಲರ ಪುಡಿಗೂ ಇರುತ್ತೆ. ಹೂವಿನ ಘಮ ನಮ್ದಕ್ಕೆ ಮಾತ್ರ."

"ಹೂವಿನ ಘಮನ ಪುಡಿಗೆ ಹೆಂಗೆ ಹಾಕ್ತೀರಿ?"

"ಅದು ಆಮೇಲೆ. ಮೊದ್ಲು ಹಕ್ಕು."

ಚಿಕ್ಕಮಗಳೂರಿನ ವಕೀಲರೊಬ್ಬರು ನನ್ನ ಮಾತನ್ನು ತಾಳ್ಮೆಯಿಂದ ಕೇಳಿದರು. "ಈಗ ಬಂದಿರೋ ಹೊಸ ಕಾಯಿದೆ ಪ್ರಕಾರ ಗುರುತನ್ನ ಕಾಗದದ ಮೇಲೆ ಬರ್ದು ತೋರಿಸೋಕಾಗ್ಬೇಕು. ಹೊರದೇಶದ ಕೋರ್ಟೂ ಈಚೆಗೆ ಅದನ್ನೇ ಹೇಳಿದೆ. ನೀವು ಘಮದ ಚಿತ್ರ ಬರ್ಕೊಂಡು ಬನ್ನಿ, ಆಮೇಲೆ ನೋಡೋಣ" ಎಂದರು. ನನ್ನನ್ನು ಸಾಗಹಾಕಲು ಹೇಳಿದ ಮಾತು ಅದು ಎಂದು ಈಗ ಹೊಳೆಯುತ್ತದೆ. ಆವತ್ತು ನಾನು ನೆಟ್ಟಗೆ ಹೋಗಿ ಡ್ರಾಯಿಂಗ್ ಶೀಟ್ ಕೊಂಡೆ.

ಸಿಲ್ವರ್ ಓಕ್ ಮರದ ಕೆಳಗೆ ಕೂತು, ಕಣ್ಣು ಮುಚ್ಚಿ, ಹೋದ ವರ್ಷದ ಹೂವನ್ನು ನೆನೆದೆ. ಆ ಬಿಳುಪು, ಬೆಳಗಿನ ಮಂಜು, ಜೇನ್ನೊಣಗಳ ಗುಂಯ್‌ಗುಟ್ಟುವಿಕೆ. ಮಧ್ಯಾಹ್ನವೆಲ್ಲ ಹಾಗೇ ತೇಲಿಹೋಯಿತು. ಕೊನೆಗೆ ಕಾಗದದ ಮೇಲೆ ಬಂದದ್ದು ಮೂರು ಡೊಂಕು ಗೆರೆ.

ಸುಮಿತ್ರಾ ಬಗ್ಗಿ ನೋಡಿದಳು. "ಇದೇನು, ಸಾರು ಕುದೀತಿದ್ಯಾ?"

ಇಷ್ಟಕ್ಕೇ ನಿಂತಿದ್ದರೆ ನಷ್ಟ ಒಂದು ಹಾಳೆ. ಆದರೆ ಅದೇ ವಾರ ಪಕ್ಕದ ತೋಟದ ಮಂಜಪ್ಪಗೌಡರು ಹೋಂಸ್ಟೇ ಶುರು ಮಾಡಿ ಗೇಟಿಗೆ ಬೋರ್ಡು ಹಾಕಿಸಿದರು: 'ಕಾಫಿ ಹೂವಿನ ಘಮದಲ್ಲಿ ಎರಡು ದಿನ'.

ನನ್ನ ಘಮ. ನನ್ನನ್ನೊಂದು ಮಾತು ಕೇಳದೆ.

ನಾನೇ ನೋಟಿಸ್ ಬರೆದೆ. "ಸದರಿ ಘಮವು ಕೆಳಗೆ ಸಹಿ ಮಾಡಿದವನ ವ್ಯಾಪಾರದ ಗುರುತಾಗಿದ್ದು, ತಾವು ತಮ್ಮ ಗಿರಾಕಿಗಳಿಗೆ ಅದನ್ನು ಮೂಸಲು ಬಿಡುವುದನ್ನು ಈ ಕೂಡಲೇ ನಿಲ್ಲಿಸತಕ್ಕದ್ದು." ರಿಜಿಸ್ಟರ್ಡ್ ಪೋಸ್ಟಿನಲ್ಲೇ ಕಳಿಸಿದೆ. ಬೇಲಿಯಾಚೆ ಕೈಚಾಚಿ ಕೊಡಬಹುದಿತ್ತು, ಆದರೆ ಕಾನೂನಿಗೆ ಒಂದು ಮರ್ಯಾದೆ ಬೇಡವೇ?

"ಪೋಸ್ಟಿಗೆ ಹಾಕೇ ಬಂದ್ರಾ?" ಸುಮಿತ್ರಾ ಸೊಂಟದ ಮೇಲೆ ಕೈಯಿಟ್ಟಳು. "ಮತ್ತೆ ಪಂಪನ್ನ ಯಾರ ಹತ್ರ ಕೇಳ್ತೀರಿ?"

ಕಾನೂನಿನಲ್ಲಿ ಮುಳುಗಿ ನಾನು ಆಕಾಶ ನೋಡುವುದನ್ನೇ ಮರೆತಿದ್ದೆ. ಆ ವರ್ಷ ಕಾಫಿ ಮೊಗ್ಗು ಅರಳಿಸುವ ಹೂಮಳೆ ಬಂದಿರಲಿಲ್ಲ. ಗಿಡದ ತುಂಬ ಮೊಗ್ಗು ಕಾದು ನಿಂತಿತ್ತು. ಈಗ ನೀರು ಬೀಳದಿದ್ದರೆ ಮೊಗ್ಗು ಒಣಗುತ್ತದೆ, ವರ್ಷದ ಫಸಲು ಅಲ್ಲಿಗೆ ಮುಗಿಯಿತು. ಹಳ್ಳದಿಂದ ನೀರೆತ್ತಿ ತೋಟದ ಮೇಲೆ ಮಳೆಯಂತೆ ಚಿಮ್ಮಿಸುವ ಪಂಪು, ಪೈಪಿನ ಸ್ಪ್ರಿಂಕ್ಲರ್ ಸೆಟ್ಟು ನಮ್ಮ ಸುತ್ತಿನಲ್ಲಿ ಇದ್ದದ್ದು ಒಬ್ಬರ ಬಳಿ ಮಾತ್ರ. ಮಂಜಪ್ಪಗೌಡರ ಬಳಿ.

ಎರಡು ದಿನ ಮೋಡ ಹುಡುಕಿದೆ. ಮೂರನೇ ದಿನ ಹೋದೆ. ಗೌಡರು ಜಗಲಿಯಲ್ಲಿ ಕನ್ನಡಕ ಹಾಕಿಕೊಂಡು ನನ್ನ ನೋಟಿಸನ್ನೇ ಓದುತ್ತಿದ್ದರು. ಮೊದಲೇ ಪಂಪಿನಿಂದ ನೀರು ಹಾಯಿಸಿದ್ದ ಅವರ ತೋಟ ಆವತ್ತು ಬೆಳಿಗ್ಗೆಯಷ್ಟೇ ಅರಳಿ ಗುಡ್ಡವೆಲ್ಲ ಬೆಳ್ಳಗಾಗಿತ್ತು. ಆ ಘಮಕ್ಕೆ ಒಂದು ಕ್ಷಣ ಯಾಕೆ ಬಂದೆನೆಂಬುದೇ ಮರೆತುಹೋಯಿತು.

"ಬಾ ಮಾರಾಯ, ಕೂತ್ಕೊ. ನಾನು ಮೂಗು ಮುಚ್ಕೊಂಡು ಮಾತಾಡ್ಬೇಕಾ, ಹಿಂಗೇ ಆಗುತ್ತಾ?"

"ಗೌಡ್ರೇ, ಅದು... ಪಂಪು ಬೇಕಿತ್ತು."

"ಕೊಡುವ. ಮೊದ್ಲು ನಂದೊಂದು ಕಾನೂನಿನ ಡೌಟಿದೆ. ನಿಮ್ಮ ತೋಟಕ್ಕಿಂತ ನಮ್ದು ಮೊದ್ಲು ಅರಳ್ತಲ್ಲ. ಮೊದ್ಲು ಬಳಸ್ದವ್ರು ಯಾರು?"

ಮೊದಲು ಬಳಸಿದವರದೇ ಹಕ್ಕು ಎಂದು ನಾನೇ ಓದಿದ್ದೆ. "ನೀವು" ಎಂದೆ.

"ನನ್ನ ಪಂಪಿನ ನೀರಲ್ಲಿ ನಿಮ್ಮ ತೋಟ ಅರಳಿದ್ರೆ ಆ ಘಮ ಯಾರ್ದು?"

ಒಣಗುತ್ತಿದ್ದ ಮೊಗ್ಗು ಕಣ್ಣ ಮುಂದೆ ಬಂತು. "ಅದೂ ನಿಮ್ದೇ ಗೌಡ್ರೇ."

"ಹಂಗಾದ್ರೆ ಕೇಸು ಮುಗೀತು. ಸೆಟ್ಟು ತಗೊಂಡ್ಹೋಗು. ಪೈಪು ಹೊರೋಕೆ ಮಾತ್ರ ಆಳು ಕಳ್ಸಲ್ಲ. ವಾದಿನೇ ಹೊರ್ಬೇಕು."

ವಾದಿಯೇ ಹೊತ್ತ. ಪೈಪು ಬಿಚ್ಚಿ, ಮುಂದಿನ ಸಾಲಿಗೆ ಹೊತ್ತು, ಮತ್ತೆ ಜೋಡಿಸಿ, ಗೌಡರ ಮಳೆಯಲ್ಲಿ ದಿನವೆಲ್ಲ ನೆನೆದ. ಇನ್ನೊಂದು ತುದಿ ಹಿಡಿದ ಸುಮಿತ್ರಾ ಕೊಡೆ ತಂದಿದ್ದಳು. ಒಂದೇ ಕೊಡೆ.

ವಾರ ಕಳೆದು ಒಂದು ಬೆಳಿಗ್ಗೆ ನಮ್ಮ ತೋಟ ಅರಳಿತು. ಗುಡ್ಡಕ್ಕೆ ಬೆಳದಿಂಗಳು ಅಂಟಿಕೊಂಡು ಉಳಿದ ಹಾಗಿತ್ತು. ಗೌಡರ ಹೋಂಸ್ಟೇಗೆ ಬಂದವರು ನಮ್ಮ ಬೇಲಿಯ ಬಳಿ ಕಣ್ಣು ಮುಚ್ಚಿ ನಿಂತಿದ್ದರು, ಥೇಟ್ ನನ್ನ ಕನಸಿನಲ್ಲಿ ನಿಂತ ಹಾಗೆ. ಸುಮಿತ್ರಾ ಕೂಡ ಬಾಗಿಲಿಗೆ ಬಂದು ನಿಂತಳು.

"ಹೆಂಗಿದೆ ನಿಮ್ಮ ಟ್ರೇಡ್‌ಮಾರ್ಕು?" ಎಂದು ಕೇಳಿದಳು.

ನನಗೆ ಗೊತ್ತಾಗಲಿಲ್ಲ. ಪೈಪು ಹೊರುವಾಗ ನೆನೆದು ಹಿಡಿದ ನೆಗಡಿಗೆ ನನ್ನ ಮೂಗು ಪೂರ್ತಿ ಕಟ್ಟಿತ್ತು.

"ಹೆಂಗಿದೆ ಅಂತ ನೀನೇ ಸ್ವಲ್ಪ ಹೇಳೇ" ಎಂದೆ.

ಅವಳು ಆಳವಾಗಿ ಉಸಿರೆಳೆದುಕೊಂಡು, ಬೆರಳೆತ್ತಿ, ಗಾಳಿಯಲ್ಲಿ ನಿಧಾನವಾಗಿ ಮೂರು ಡೊಂಕು ಗೆರೆ ಎಳೆದಳು.