ನೀಲಿ ಬಾಗಿಲಿನ ಊಟ

ಅವತ್ತು ಎಲ್ಲರೂ ಒಂದೊಂದು ಅಡುಗೆ ತಂದಿದ್ದ ಪಾಟ್‌ಲಕ್‌ನಲ್ಲಿ ಜಬ್ಬಾರ್ ತನ್ನ ಪಾಡಿಗೆ ಮಿರ್ಚಿ ತಿಂದುಕೊಂಡು ಸುಮ್ಮನಿದ್ದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ರೇವಣಪ್ಪನವರು ತಾವೂ ಹೆಂಡತಿ ಶಿವಕ್ಕನೂ ಲಿಸ್ಬನ್‌ಗೆ ಹೊರಟಿದ್ದೇವೆ ಎಂದರು. ನಾರ್ತ್‌ವಿಲ್‌ನ ಆ ಬಡಾವಣೆಯಲ್ಲಿ ಲಿಸ್ಬನ್ ನೋಡಿ ಬಂದ ಗಂಡಸು ಜಬ್ಬಾರ್ ಒಬ್ಬನೇ. ಎಲ್ಲರೂ ಅವನತ್ತ ತಿರುಗಿದರು. ಅಷ್ಟು ಮುಖಗಳು ಒಟ್ಟಿಗೆ ತನ್ನತ್ತ ತಿರುಗಿದ್ದನ್ನು ಅವನು ಮದುವೆಯ ದಿನ ಬಿಟ್ಟರೆ ಮತ್ತೆ ಕಂಡಿರಲಿಲ್ಲ.

"ಟೂರಿಸ್ಟ್ ಹೋಟೆಲಿಗೆ ಕಾಲೇ ಇಡಬೇಡಿ ಸರ್," ಎಂದ. "ಲೋಕಲ್ಸ್ ಎಲ್ಲಿ ತಿಂತಾರೋ ಅಲ್ಲಿ ತಿನ್ನಬೇಕು. ನಂಗೂ ಒಬ್ಬ ಲೋಕಲ್ಲೇ ಹೇಳಿದ್ದು. ಹಳೇ ಊರಲ್ಲಿ ಚರ್ಚ್ ಹಿಂದೆ ಒಂದು ಗಲ್ಲಿ, ಅದರಲ್ಲಿ ನೀಲಿ ಬಾಗಿಲು. ಬೋರ್ಡು ಗೀರ್ಡು ಏನೂ ಇರಲ್ಲ. ಒಂದು ಅಜ್ಜಿ ಅಡುಗೆ ಮಾಡುತ್ತೆ. ಬೆಳಗ್ಗಿಂದ ಏನೂ ತಿನ್ನದೆ ಹೋಗಿ."

"ನಮಗ ವೆಜ್ ಸಿಗತೈತೇನ್ರಿ?" ಎಂದರು ರೇವಣಪ್ಪ.

"ಆ ಅಜ್ಜಿ ಕೈಯಿನ ತರಕಾರಿ ತಿಂದ್ರೆ ನೀವು ಮಟನ್ನೇ ಮರೆತುಬಿಡ್ತೀರ."

"ಮರಿಯಾಕ ನಾವು ಮಟನ್ ತಿಂದೇ ಇಲ್ಲಲ್ರಿ," ಎಂದರು ಗದಗಿನ ಶಿವಕ್ಕ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನಜ್ಮುನ್ನೀಸಾ ಗಂಡನ ಮುಖವನ್ನೊಮ್ಮೆ ನೋಡಿ ಒಳಗೆ ಹೋದಳು.

ನಿಜ ಸಂಗತಿ ಬೇರೆಯೇ ಇತ್ತು. ಮದುವೆಯ ಬೆಳ್ಳಿಹಬ್ಬಕ್ಕೆಂದು ಹೆಂಡತಿಯನ್ನು ಲಿಸ್ಬನ್‌ಗೆ ಕರೆದೊಯ್ದಿದ್ದ ಜಬ್ಬಾರ್, ಇಳಿದ ದಿನವೇ ಆಫೀಸಿನ ಸಿಸ್ಟಮ್ ಯಾವುದೋ ಕುಸಿದು, ಹೋಟೆಲಿನ ರೂಮಿನಲ್ಲಿ ಲ್ಯಾಪ್‌ಟಾಪ್ ತೆರೆದು ಕೂತವನು ಅದನ್ನು ಮುಚ್ಚಿದ್ದು ವಿಮಾನ ಹತ್ತುವಾಗಲೇ. ತಿಂದಿದ್ದು ನಾರ್ತ್‌ವಿಲ್‌ನಿಂದ ಹೊತ್ತೊಯ್ದಿದ್ದ ಪುಟ್ಟ ಕುಕ್ಕರಿನ ಖಿಚಡಿ. ಅವನೊಡನೆ ಮಾತಾಡಿದ ಏಕೈಕ ಲೋಕಲ್ ಎಂದರೆ ಟ್ಯಾಕ್ಸಿಯವನು. ಅವನು ಹೇಳಿದ್ದು ಸೀಟ್ ಬೆಲ್ಟ್ ಹಾಕಿಕೊಳ್ಳಲು. ವಾಪಸಾದ ಮೇಲೆ ಯಾರಾದರೂ ಲಿಸ್ಬನ್ ಹೇಗಿತ್ತೆಂದು ಕೇಳಿದರೆ ಅವನ ಎದೆಯೊಳಗೆ ಏನೋ ಚುಚ್ಚುತ್ತಿತ್ತು. ಆ ನೋವು ಮುಚ್ಚಲು ಒಂದು ಅಜ್ಜಿ, ಒಂದು ನೀಲಿ ಬಾಗಿಲು ತಾನಾಗಿಯೇ ಬಾಯಿಗೆ ಬಂದಿದ್ದವು.

ಶನಿವಾರ ಬೆಳಿಗ್ಗೆ ಫೋನು ಹೊಡೆದುಕೊಂಡಾಗ ಜಬ್ಬಾರ್ ಇನ್ನೂ ಹಲ್ಲುಜ್ಜಿರಲಿಲ್ಲ. ಲಿಸ್ಬನ್ನಿನಲ್ಲಾಗಲೇ ಊಟದ ಹೊತ್ತು.

"ಜಬ್ಬಾರ್ ಸಾಹೇಬ್ರ, ಚರ್ಚ್ ಹಿಂದ ನೀಲಿ ಬಾಗಲಾ ಸಿಕ್ಕೈತ್ರಿ," ಎಂದರು ರೇವಣಪ್ಪ.

ಜಬ್ಬಾರ್‌ಗೆ ಜೀವ ಹೋದಂತಾಯಿತು. "ಸಿಕ್ತಾ?"

"ಸಿಕ್ತು. ಒಳಗ ಹೋಗಿ, ಇವರಿಗೆ ನಮ್ಮ ಭಾಷಾ ಬರೂದಿಲ್ಲಲ್ಲ ಅಂತ, ಬಾಯಿ ತೋರಿಸಿ ಹಸಿವಿ ಅಂದೆ. ಭಾಳ ಮರ್ಯಾದಿಲೆ ಕುರ್ಚಿ ಮ್ಯಾಲೆ ಕುಂದ್ರಿಸಿ, ಕೊಳ್ಳಾಗ ಬಿಳೀ ಅರಿವಿ ಕಟ್ಟಿ, ಬಾಯಿ ತಗೀರಿ ಅಂದ್ರು. ಹಲ್ಲಿನ ದವಾಖಾನಿರೀ ಅದು!"

ಜಬ್ಬಾರ್ ಒಪ್ಪಿಕೊಂಡುಬಿಡಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ಎಲೆ ಗುಡಿಸುವ ಬ್ಲೋವರ್ ಕೇಳಲು ಬಂದ ಪಕ್ಕದ ಮನೆ ಸುರೇಶ ಗರಾಜಿನ ಬಾಗಿಲಿಂದಲೇ ಒಳಗೆ ನುಗ್ಗಿದ.

"ಲಿಸ್ಬನ್ ಕಾಲಾ ಅಂಕಲ್? ಸ್ಪೀಕರ್‌ಗೆ ಹಾಕಿ, ಪ್ಲೀಸ್. ನಾನೂ ಶ್ರೀಲತಾನೂ ಸ್ಪ್ರಿಂಗ್ ಬ್ರೇಕ್‌ಗೆ ಟಿಕೆಟ್ ನೋಡ್ತಿದೀವಿ." ಜಬ್ಬಾರ್ ಹೂಂ ಅನ್ನುವ ಮೊದಲೇ ಅವನೇ ಸ್ಪೀಕರ್ ಒತ್ತಿದ.

ಸುರೇಶನ ಎದುರು ಒಪ್ಪಿಕೊಂಡರೆ ಸಂಜೆಯೊಳಗೆ ಪಕ್ಕದ ಊರು ನೋವೈವರೆಗೂ ಸುದ್ದಿ. ಜಬ್ಬಾರ್ ಗಂಟಲು ಸರಿಮಾಡಿಕೊಂಡ. "ಅಜ್ಜಿ ಅಂಗಡಿ ಶಿಫ್ಟ್ ಆಗಿರ್ಬೇಕು ಸರ್. ಒಂದು ಕೆಲಸ ಮಾಡಿ. ಹಳೇ ಹಳದಿ ಟ್ರ್ಯಾಮ್ ಇರುತ್ತಲ್ಲ, ಅದನ್ನ ಹತ್ತಿ ಕೊನೇ ಸ್ಟಾಪ್‌ನಲ್ಲಿ ಇಳೀರಿ. ಅಲ್ಲಿ ಟೂರಿಸ್ಟ್ಸ್ ಯಾರೂ ಇರಲ್ಲ, ಪೂರ್ತಿ ಲೋಕಲ್ಸ್."

"ವಾವ್ ಅಂಕಲ್," ಎಂದ ಸುರೇಶ. ಬ್ಲೋವರ್ ಮರೆತು ಕೂತೇಬಿಟ್ಟ. ಕಾಫಿಯನ್ನೂ ಕೇಳಿ ಹಾಕಿಸಿಕೊಂಡ.

ಅವನ ಎರಡನೇ ಕಾಫಿ ಮುಗಿಯುವ ಹೊತ್ತಿಗೆ ಮತ್ತೆ ಫೋನು, ಅದೂ ಸ್ಪೀಕರಿನಲ್ಲೇ. ರೇವಣಪ್ಪನವರ ದನಿ ತಣ್ಣಗಿತ್ತು.

"ಕೊನೀ ಸ್ಟಾಪಿಗೆ ಇಳಿದ್ವಿ. ನೀವು ಹೇಳಿದ್ದು ಖರೇ ಐತ್ರಿ. ಬರೇ ಲೋಕಲ್ ಮಂದೀನ ಅದಾರ. ಆದ್ರ ಎಲ್ಲಾರೂ ಮಲಗ್ಯಾರ."

"ಮಲಗಿದಾರಾ? ಈ ಹೊತ್ತಲ್ಲಿ?"

"ಸ್ಮಶಾನರೀ ಇದು! ದೊಡ್ಡ ಸ್ಮಶಾನ! ಸಾಲಾಗಿ ಕಲ್ಲಿನ ಗೋರಿ ಕಟ್ಟ್ಯಾರ."

ಸುರೇಶ ಕಾಫಿ ಕಪ್ಪಿನೊಳಗೆ ನಕ್ಕ. ಜಬ್ಬಾರ್‌ಗೂ ನಗು ಬರುವುದರಲ್ಲಿತ್ತು. ಅಷ್ಟರಲ್ಲಿ ಹಿಂದಿನಿಂದ ಶಿವಕ್ಕನ ದನಿ ಕೇಳಿಸಿತು. "ನನಗ ಕೈ ಕಾಲು ನಡಗಾಕತ್ತಾವ್ರಿ. ಇಲ್ಲೇ ಕುಂದರತೀನಿ."

ಶಿವಕ್ಕನಿಗೆ ಸಕ್ಕರೆ ಕಾಯಿಲೆ. ಗುಳಿಗೆ ನುಂಗಿ, ಜಬ್ಬಾರ್ ಹೇಳಿದನೆಂದು ಬೆಳಗ್ಗಿಂದ ಹೊಟ್ಟೆ ಖಾಲಿ ಇಟ್ಟುಕೊಂಡಿದ್ದರು. ಜಬ್ಬಾರ್‌ನ ನಗು ಇಂಗಿಹೋಯಿತು. ಫೋನು ಹಿಡಿದುಕೊಂಡೇ ಅಡುಗೆಮನೆಗೆ ಓಡಿದ. ತನ್ನ ಒಂದು ಸುಳ್ಳಿಗೆ ಆ ಹೆಂಗಸು ಸಾಗರದಾಚೆ ಕುಸಿದು ಕೂತಿದ್ದಾರೆ ಅನ್ನಿಸಿತು.

"ನಜ್ಮಾ, ನಾನು ಹೇಳಿದ್ದೆಲ್ಲ..." ಎಂದು ತೊದಲಿದ.

"ಕೊಡಿ ಇಲ್ಲಿ." ನಜ್ಮುನ್ನೀಸಾ ಹಿಟ್ಟಿನ ಕೈಯಲ್ಲೇ ಫೋನು ಕಸಿದುಕೊಂಡಳು. "ಶಿವಕ್ಕ, ಬ್ಯಾಗಲ್ಲಿ ಕರದಂಟು ಇದೆಯಾ?"

"ಐತವ್ವಾ. ಊಟಕ್ಕ ಹೊಟ್ಟಿ ಖಾಲಿ ಇರಲಿ ಅಂತ ತಿಂದಿಲ್ಲ."

"ಮೊದಲು ಅದನ್ನ ತಿನ್ನಿ. ನಾನು ಫೋನ್ ಇಡಲ್ಲ."

ಸುರೇಶನೂ ಕಪ್ಪು ಹಿಡಿದೇ ಹಿಂದೆ ಬಂದ. ಫೋನಿನಲ್ಲಿ ಕರದಂಟು ಅಗಿಯುವ ಸದ್ದಿಗೆ ಮೂವರೂ ಕಿವಿಗೊಟ್ಟರು. ಎಷ್ಟೋ ಹೊತ್ತಿನ ಮೇಲೆ, "ಈಗ ಚಲೋ ಅನಸ್ತದ," ಎಂದರು ಶಿವಕ್ಕ.

"ಈಗ ವಾಪಸ್ ಅದೇ ಟ್ರ್ಯಾಮ್ ಹತ್ತಿ," ಎಂದಳು ನಜ್ಮುನ್ನೀಸಾ. "ಬೆಟ್ಟದ ಮೇಲೆ ನದಿ ಕಾಣೋ ದೊಡ್ಡ ಕಟ್ಟೆ ಬರುತ್ತೆ, ಅಲ್ಲಿ ಇಳೀರಿ. ಪಕ್ಕದಲ್ಲೇ ಮೆಟ್ಟಿಲು. ಕೆಳಗೆ ಇಳಿದು ಎಡಕ್ಕೆ ತಿರುಗಿದ್ರೆ ಬಟ್ಟೆ ಒಣಹಾಕಿರೋ ಗಲ್ಲಿ. ಅಲ್ಲಿ ಸೆಲೆಸ್ಟ್ ಅಂತ ಕೇಳಿ, ನಜ್ಮಾ ಕಳಿಸಿದ್ಲು ಅನ್ನಿ. ಸೂಪಿಗೆ ಮಾಂಸ ಹಾಕಬೇಡ ಅಂತ ನಾನು ಮೆಸೇಜ್ ಮಾಡ್ತೀನಿ."

ಜಬ್ಬಾರ್ ಹೆಂಡತಿಯನ್ನು ಮೊದಲ ಸಲ ಕಂಡವನಂತೆ ನೋಡಿದ.

ಮಧ್ಯಾಹ್ನದ ಹೊತ್ತಿಗೆ ವಿಡಿಯೊ ಕಾಲ್ ಬಂತು. ಸುರೇಶ ಆಗಲೇ ಹೆಂಡತಿ ಶ್ರೀಲತಾಳನ್ನೂ ಕರೆಸಿಕೊಂಡಿದ್ದ. ಫೋನಿನಲ್ಲಿ ಶಿವಕ್ಕನ ಮುಖ ಅರಳಿತ್ತು. "ನೋಡ್ರಿ, ಗೋವಿನಜೋಳದ ರೊಟ್ಟಿ! ಸೊಪ್ಪಿನ ಸಾರು! ನನ್ನ ತವರಮನ್ಯಾಗ ಉಂಡಂಗಾತು!" ಹಿಂದೆ ಯಾರೋ ಕುರ್ಚಿಯಲ್ಲಿ ಕೂತು ಗಿಟಾರಿಗೆ ಹಾಡುತ್ತಿದ್ದರು. ಪದ ಒಂದೂ ತಿಳಿಯದಿದ್ದರೂ ಕಳೆದುಕೊಂಡದ್ದರ ಹಾಡೇ ಇರಬೇಕೆಂದು ಜಬ್ಬಾರ್‌ಗೆ ಅನ್ನಿಸಿತು. ಅಷ್ಟರಲ್ಲಿ ದಪ್ಪನೆಯ ಹೆಂಗಸೊಬ್ಬಳು ಅಡ್ಡ ಬಂದು, "ನಜ್ಮಾ! ನಜ್ಮಾ!" ಎಂದು ಕೂಗಿ ಕ್ಯಾಮೆರಾಕ್ಕೇ ಮುತ್ತು ಕೊಟ್ಟಳು. ನಜ್ಮುನ್ನೀಸಾ ಸೆಲೆಸ್ಟಳ ಭಾಷೆಯಲ್ಲೇ ಎರಡು ಮಾತಾಡಿ ಗಲಗಲ ನಕ್ಕಳು.

ಜಬ್ಬಾರ್ ಅವಳ ಕಿವಿಯ ಹತ್ತಿರ ಬಗ್ಗಿದ. "ಯಾವಾಗ ಹೋಗಿದ್ದೆ?"

"ದಿನಾ. ಸೆಲೆಸ್ಟ್ ನಮ್ಮ ಹೋಟೆಲಲ್ಲಿ ರೂಮ್ ಕ್ಲೀನ್ ಮಾಡೋಕೆ ಬರ್ತಿದ್ಲು. ಮಧ್ಯಾಹ್ನ ಅವಳ ಜೊತೆ ಅವರಮ್ಮನ ಈ ಅಂಗಡಿಗೆ ಹೋಗ್ತಿದ್ದೆ."

"ನಂಗೆ ಹೇಳಲೇ ಇಲ್ಲ?"

"ದಿನಾ ಬಾಗಿಲಲ್ಲಿ ನಿಂತು, ಬರ್ತೀರಾ ಅಂತ ಕೇಳ್ತಿದ್ದೆ. ನೀವು ಮೀಟಿಂಗಲ್ಲಿ ಕೈ ಅಲ್ಲಾಡಿಸ್ತಿದ್ರಿ. ಹೋಗು ಅಂತಾನೋ ಸುಮ್ನಿರು ಅಂತಾನೋ ಗೊತ್ತಾಗ್ತಿರ್ಲಿಲ್ಲ."

"ನಜ್ಮಾ," ಎಂದು ಶಿವಕ್ಕ ಕೂಗಿದರು, "ಈ ಜಾಗಾ ನಿನಗ ಯಾರ್ ಹೇಳಿದ್ರವ್ವಾ?"

ನಜ್ಮುನ್ನೀಸಾ ಗಂಡನ ಮುಖ ನೋಡಿದಳು. ಅದು ಸುರೇಶನೆದುರು ಇಷ್ಟಿಷ್ಟೇ ಬಾಡುತ್ತಿತ್ತು. ಅವಳಿಗೆ ಕರುಳು ಚುರುಕ್ಕೆಂದಿರಬೇಕು. "ಇವರೇ," ಎಂದಳು. "ಮೂಲೆ ಮೂಲೇನೂ ಇವರೇ ತೋರಿಸಿದ್ದು. ಫೋನಲ್ಲಿ ಹೇಳುವಾಗ ದಾರಿ ತಪ್ಪಿತು ಅಷ್ಟೆ."

ಜಬ್ಬಾರ್ ಮಾನ ಉಳಿಯಿತೆಂದು ಉಸಿರು ಬಿಟ್ಟ. ಆ ಉಸಿರು ಪೂರ್ತಿ ಹೊರಬರುವ ಮೊದಲೇ ಶ್ರೀಲತಾ ಚಪ್ಪಾಳೆ ತಟ್ಟಿದಳು. "ಆಂಟಿ, ಸ್ಪ್ರಿಂಗ್ ಬ್ರೇಕ್‌ಗೆ ನೀವೂ ನಮ್ಮ ಜೊತೆ ಬನ್ನಿ. ನಿಮಗೆ ಸೆಲೆಸ್ಟ್ ಗೊತ್ತು."

"ಖಂಡಿತ," ಎಂದ ಸುರೇಶ. ಹಾಫ್‌ಮನ್ ಎಸ್ಟೇಟ್ಸ್‌ನಲ್ಲಿದ್ದ ನಜ್ಮುನ್ನೀಸಾಳ ತಂಗಿ ಶಾಝಿಯಾಗೂ ಅಲ್ಲೇ ಫೋನು ಹೋಯಿತು. ಅವಳೂ ಹೊರಟಳು.

"ನಾನೂ ಲೀವ್ ಅಪ್ಲೈ ಮಾಡ್ತೀನಿ," ಎಂದ ಜಬ್ಬಾರ್, ಮೆಲ್ಲಗೆ.

"ನೀವ್ಯಾಕೆ ಅಂಕಲ್?" ಸುರೇಶ ಅವನ ಬೆನ್ನು ತಟ್ಟಿದ. "ಮೂಲೆ ಮೂಲೆ ನೋಡಿದೀರಂತೆ. ಅಲ್ಲಿ ಬಾಡಿಗೆ ಕಾರಲ್ಲೂ ನಾಲ್ಕೇ ಸೀಟು. ನಮ್ಮ ನಾಯಿ ನೋಡ್ಕೊಳ್ಳೋಕೂ ಒಬ್ಬರು ಬೇಕಿತ್ತು."

ಎಲ್ಲರೂ ನಕ್ಕರು. ಜಬ್ಬಾರ್ ನಜ್ಮುನ್ನೀಸಾಳತ್ತ ನೋಡಿದ. ಅವಳೇನೋ ಹೇಳಬೇಕೆಂದು ಬಾಯಿ ತೆರೆದಳು. ಅವನೇ ತಲೆಯಾಡಿಸಿ ಬೇಡವೆಂದ.

ಎಲ್ಲರೂ ಹೋದ ಮೇಲೆ ಅವನು ಅಡುಗೆಮನೆಯ ಸ್ಟೂಲಿನ ಮೇಲೆ ಕೂತ. "ಆ ಸೊಪ್ಪಿನ ಸೂಪು ಹೇಗಿರುತ್ತೆ ನಜ್ಮಾ?"

ಅವಳು ಒಲೆ ಸಣ್ಣ ಮಾಡಿ ಯೋಚಿಸಿದಳು. ಉಪ್ಪು ಹುಳಿ ಏನನ್ನೋ ಹೇಳಹೊರಟು ಬಿಟ್ಟಳು.

"ಹೇಳೋಕೆ ಬರ್ತಿಲ್ಲ ಕಣ್ರೀ," ಎಂದಳು. "ದಿನಾ ಅಲ್ಲಿ ನಿಮಗೂ ಒಂದು ತಟ್ಟೆ ಹಾಕಿಸಿಟ್ಟು ಕಾಯ್ತಿದ್ದೆ. ಅಷ್ಟರಲ್ಲಿ ನಂದೂ ಆರಿಹೋಗ್ತಿತ್ತು."